ಡೆವಲಪರ್ ಹೇಳುವ ಹಳೇ ಪ್ರಾಜೆಕ್ಟ್‌ಗಳನ್ನು ಪರೀಕ್ಷಿಸೋದು ಹೇಗೆ

ಬೆಂಗಳೂರಲ್ಲಿ ಆಫೀಸ್ ಜಾಗ ಮಾರುತ್ತಿರುವ ಡೆವಲಪರ್ ‘ಹತ್ತು ಕಟ್ಟಡ ಮುಗಿಸಿದ್ದೇನೆ’ ಅನ್ನೋದನ್ನ ಪರೀಕ್ಷಿಸೋದು ಹೇಗೆ ಅಂತ ಕೇಳಿದ್ದೀರಿ. ಬ್ರೋಷರ್ ಪಕ್ಕಕ್ಕಿಡಿ. ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟ್ ನೋಡಿ. 2016ರ ರೇರಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹಿಂದಿನ 5 ವರ್ಷದ ಪ್ರಾಜೆಕ್ಟ್, ವಿಳಂಬ, ಕೇಸುಗಳ ವಿವರ ಅವರೇ ಕೊಡಬೇಕು.

ಜನ ಎಡವೋದು ಇಲ್ಲಿ: ಎಷ್ಟೋ ಡೆವಲಪರ್‌ಗಳು ಕಟ್ಟಡಕ್ಕೊಂದು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿರ್ತಾರೆ. ಒಂದೇ ಹೆಸರಲ್ಲಿ ಹುಡುಕಿದರೆ ಹಳೇ ತಕರಾರು ಕಣ್ಣಿಗೇ ಬೀಳಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಪಾಲುದಾರರ ಹೆಸರು ತೆಗೆದು, ಅವರ ಬೇರೆ ಸಂಸ್ಥೆಗಳನ್ನೂ ಜಾಲಾಡಿ.

ಮಾರದೆ ಬಾಡಿಗೆಗಷ್ಟೇ ಕಟ್ಟಿದ್ದು ರೇರಾದಲ್ಲಿ ಇರಲ್ಲ; ಅದು ತಪ್ಪೇನಲ್ಲ. ಅಂಥವಕ್ಕೆ ಓಸಿ (ಕಟ್ಟಡ ಬಳಸಬಹುದು ಅನ್ನೋ ಸ್ವಾಧೀನ ಪ್ರಮಾಣಪತ್ರ) ಪ್ರತಿ ಕೇಳಿ, ರಾಜ್ಯದ ಆಸ್ತಿ ನೋಂದಣಿ ಪೋರ್ಟಲ್ ಕಾವೇರಿ 2.0ರಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ನೋಂದಾದ ಅಡಮಾನ ಇದ್ದರೆ ಕಾಣುತ್ತೆ. ಓಸಿ ಭಾಗಶಃ ಆಗಿದ್ದರೆ ಯಾವ ಮಹಡಿಗೆ ಅಂತ ಓದಿ.