ಓದುಗರ ಪ್ರಶ್ನೆ: ಮಲೆನಾಡಿನ ಮಕ್ಕಳಿಗೆ ಬೆಂಗಳೂರಲ್ಲಿ ಏನು ತೋರಿಸೋಣ?

ಪ್ರಶ್ನೆ: ದಸರಾ ರಜೆಗೆ ಮೂರು ದಿನ ಬೆಂಗಳೂರಿಗೆ ಹೊರಟಿದ್ದೇವೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಅತ್ತೆಯೂ ಬರುತ್ತಾರೆ, ಅವರಿಗೆ ಮಂಡಿ ನೋವು. ಉಳಿಯುವುದು ರಾಜಾಜಿನಗರದಲ್ಲಿ, ಅಣ್ಣನ ಮನೆಯಲ್ಲಿ. ನಮ್ಮ ಯಜಮಾನರು ಬನ್ನೇರುಘಟ್ಟ, ವಂಡರ್‌ಲಾ, ಲಾಲ್‌ಬಾಗ್ ಎಲ್ಲ ಸೇರಿಸಿ ಹತ್ತು ಜಾಗ ಬರೆದಿಟ್ಟಿದ್ದಾರೆ. ಇಷ್ಟೆಲ್ಲ ಆಗುತ್ತಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಆಗಲ್ಲ ಅಕ್ಕಾ. ದಿನಕ್ಕೆ ಎರಡು ಜಾಗ ಇಟ್ಟುಕೊಳ್ಳಿ, ಅದೂ ಹತ್ತಿರ ಹತ್ತಿರದ್ದು. ಒಂದು ಸಲ ನಾನು ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೇ ದಿನ ಐದು ಜಾಗ ಸುತ್ತಿಸಿದ್ದೆ. ಮೂರನೆಯದು ಮುಟ್ಟುವಷ್ಟರಲ್ಲಿ ಚಿಕ್ಕವನು ಹೆಗಲ ಮೇಲೆ ನಿದ್ದೆ. ಮನೆಗೆ ಬಂದ ಮೇಲೆ ಅವನಿಗೆ ನೆನಪಿದ್ದದ್ದು ಟ್ರಾಫಿಕ್ ಮಾತ್ರ, ಅದು ನನಗೆ ಈಗಲೂ ಬೇಜಾರು.

ಪಟ್ಟಿ ಮುಂದಿಟ್ಟುಕೊಂಡು ಒಂದೊಂದಕ್ಕೂ ಕೇಳಿ: ಇದು ನಮ್ಮ ಕಡೆ ಇದೆಯಾ? ಇದ್ದರೆ ಹೊಡೆದುಹಾಕಿ. ಹುಲಿ, ಸಿಂಹ ಶಿವಮೊಗ್ಗದ ಪಕ್ಕದ ತ್ಯಾವರೆಕೊಪ್ಪದಲ್ಲೇ ಇವೆ, ಅದಕ್ಕಾಗಿ ಬನ್ನೇರುಘಟ್ಟಕ್ಕೆ ಒಂದು ದಿನ ಕೊಡಬೇಡಿ. ವಂಡರ್‌ಲಾ ಹೆಸರು ಕೇಳಿದರೆ ಮಕ್ಕಳು ಕುಣಿಯುತ್ತಾರೆ, ಗೊತ್ತು. ಆದರೆ ಅದು ಊರಾಚೆ ಮೈಸೂರು ರಸ್ತೆಯಲ್ಲಿದೆ, ಇಡೀ ದಿನ ಬೇಕು, ದೊಡ್ಡ ಆಟಗಳಿಗೆ ಎತ್ತರದ ಲೆಕ್ಕ ಇರುವುದರಿಂದ ಮಗನನ್ನು ಎಷ್ಟೋ ಕಡೆ ಹತ್ತಿಸುವುದಿಲ್ಲ, ಅತ್ತೆ ಸುಮ್ನೆ ಬ್ಯಾಗ್ ಕಾಯುತ್ತಾ ಕೂರಬೇಕು. ಮಕ್ಕಳು ಇನ್ನಷ್ಟು ದೊಡ್ಡವರಾಗಲಿ.

ನಮ್ಮ ಕಡೆ ಇಲ್ಲದ್ದು ಮೆಟ್ರೊ. ಅದನ್ನೇ ಒಂದು ನೋಡುವ ಜಾಗ ಅಂದುಕೊಳ್ಳಿ. ರಾಜಾಜಿನಗರದಲ್ಲಿ ಹಸಿರು ಮಾರ್ಗ ಹತ್ತಿದರೆ ಮುಂದಿನ ನಿಲ್ದಾಣವೇ ಮಹಾಕವಿ ಕುವೆಂಪು ರಸ್ತೆ. ತೀರ್ಥಹಳ್ಳಿಯ ಮಕ್ಕಳು ಆ ಹೆಸರು ಕೇಳಬೇಕು ಅಲ್ವಾ? ಸಂಪಿಗೆ ರಸ್ತೆ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ, ಆಗ ಮಗನನ್ನು ಕಿಟಕಿ ಪಕ್ಕ ನಿಲ್ಲಿಸಿ. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಅಲ್ಲಿ ಜನ ಜಾಸ್ತಿ, ಲಿಫ್ಟ್ ಎಲ್ಲಿದೆ ಅಂತ ಮೊದಲೇ ಕೇಳಿಕೊಂಡು ಅತ್ತೆಯನ್ನು ಅದರಲ್ಲೇ ಕರೆದುಕೊಂಡು ಹೋಗಿ.

ವಿಧಾನಸೌಧದ ನಿಲ್ದಾಣದಲ್ಲಿ ಮೇಲೆ ಬಂದರೆ ಎದುರಿಗೇ ಆ ಕಲ್ಲಿನ ಕಟ್ಟಡ. ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿದೆ, ಓದಲು ಕಲಿಯುತ್ತಿರುವ ಮಗನ ಕೈಲಿ ಜೋರಾಗಿ ಓದಿಸಿ. ಅದು ಮುಗಿದದ್ದು 1956ರಲ್ಲಿ, ಅದೇ ವರ್ಷ ಕೆಲವು ತಿಂಗಳು ಮುಖ್ಯಮಂತ್ರಿ ಆಗಿದ್ದವರು ನಿಮ್ಮ ತೀರ್ಥಹಳ್ಳಿ ಕಡೆಯ ಕಡಿದಾಳ್ ಮಂಜಪ್ಪನವರು. ಇದನ್ನು ಮಗಳಿಗೆ ಹೇಳಿ. ರಸ್ತೆಯ ಆಚೆಗೆ ಕೆಂಪು ಬಣ್ಣದ ಅಠಾರ ಕಚೇರಿ, ಅದು ಹೈಕೋರ್ಟ್.

ಅಲ್ಲಿಂದ ಆಟೊದಲ್ಲಿ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. ನನ್ನನ್ನು ಕೇಳಿದರೆ ಬೆಂಗಳೂರಿನಲ್ಲಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗಾಜಿನ ಆಚೆ ನಿಂತು ನೋಡುವುದಲ್ಲ, ಗುಂಡಿ ಒತ್ತಬೇಕು, ಹಿಡಿ ತಿರುಗಿಸಬೇಕು, ಆಗ ಯಂತ್ರ ಓಡುತ್ತದೆ. ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಮಾದರಿ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಇದೇ ವಿಶ್ವೇಶ್ವರಯ್ಯನವರ ಹೆಸರು, ಮಕ್ಕಳಿಗೆ ಅದನ್ನು ನೆನಪಿಸಿ. ಮೂರು ಗಂಟೆಯಾದರೂ ಇರಲಿ. ಅತ್ತೆಗೆ ಸಾಕಾದರೆ ಹಿಂದೆಯೇ ಕಬ್ಬನ್ ಪಾರ್ಕ್, ಬೆಂಚಿಗೆ ಕೊರತೆ ಇಲ್ಲ.

ಎರಡನೇ ದಿನ ನೆಹರು ತಾರಾಲಯ. ಸೋಮವಾರ ರಜೆ. ಕನ್ನಡದಲ್ಲೂ ಪ್ರದರ್ಶನ ಇರುತ್ತದೆ, ಅದರ ಹೊತ್ತು ಕೇಳಿಕೊಂಡೇ ಹೊರಡಿ, ಇಂಗ್ಲಿಷಿನದ್ದಕ್ಕೆ ಕೂರಿಸಿದರೆ ಮಗನಿಗೆ ಅರ್ಥವಾಗಲ್ಲ. ಬೆಂಗಳೂರಿನ ಬೆಳಕಿನಲ್ಲಿ ನಕ್ಷತ್ರ ಸರಿಯಾಗಿ ಕಾಣುವುದೇ ಇಲ್ಲ. ನಿಮ್ಮ ಅಂಗಳದಲ್ಲಿ ಕಾಣುತ್ತವೆ. ಗುಮ್ಮಟದ ಕೆಳಗೆ ಹೆಸರು ಕಲಿತು ಬಂದ ಮಕ್ಕಳು ಮಳೆ ಬಿಟ್ಟ ರಾತ್ರಿ ಅಂಗಳಕ್ಕೆ ಬಂದು ಹುಡುಕಲಿ, ನೀವೂ ಜೊತೆಗೆ ನಿಲ್ಲಿ.

ಮೂರನೇ ದಿನ ಬೆಳಿಗ್ಗೆ ಲಾಲ್‌ಬಾಗ್, ಮತ್ತೆ ಅದೇ ಹಸಿರು ಮಾರ್ಗ. ಮರ ನೋಡಲು ಅಂತ ಹೇಳುತ್ತಿಲ್ಲ, ಮರ ನಿಮಗೆ ಸಾಕಷ್ಟಿದೆ. ಅಲ್ಲಿನ ಬಂಡೆ ನೋಡಿ. ಸುಮಾರು 300 ಕೋಟಿ ವರ್ಷ ಹಳೆಯದು, ಮೇಲೆ ಕೆಂಪೇಗೌಡರ ಗೋಪುರ. ಮಕ್ಕಳು ಬಂಡೆ ಹತ್ತಲಿ, ಅತ್ತೆ ಬ್ಯಾಟರಿ ಗಾಡಿಯಲ್ಲಿ ಕೂತು 1889ರ ಗಾಜಿನ ಮನೆವರೆಗೆ ಹೋಗಿ ಬರಲಿ. ಆಮೇಲೆ ಬಸವನಗುಡಿಯ ದೊಡ್ಡ ಬಸವ, ಒಂದೇ ಕಲ್ಲಿನದ್ದು. ಅಲ್ಲಿಗೆ ನಿಲ್ಲಿಸಿ, ಸಂಜೆ ಅಣ್ಣನ ಮನೆಯಲ್ಲಿ ಮಕ್ಕಳು ಆಡಿಕೊಳ್ಳಲಿ.

ಪ್ರಶ್ನೆ: ಬೆಂಗಳೂರಿನ ತಂಗಿ ಮಕ್ಕಳ ಜೊತೆ ನಮ್ಮ ಮನೆಗೆ ಬರುತ್ತಿದ್ದಾಳೆ. ಇರುವುದು ಒಂದೇ ದಿನ. ಎಲ್ಲಿಗೆ ಕರೆದೊಯ್ಯಲಿ?
– ಓದುಗರು, ಶಿವಮೊಗ್ಗ

ಉತ್ತರ: ಸಕ್ರೆಬೈಲು. ತೀರ್ಥಹಳ್ಳಿ ದಾರಿಯಲ್ಲಿ ಅರ್ಧ ಗಂಟೆ. ಮಾವುತರು ತುಂಗೆಯ ಹಿನ್ನೀರಿನಲ್ಲಿ ಆನೆಗಳನ್ನು ಮಲಗಿಸಿ ಉಜ್ಜುವುದನ್ನು ಮಕ್ಕಳು ಹತ್ತಿರದಿಂದ ನೋಡಬಹುದು. ಅದು ಬೆಳಗಿನ ಹೊತ್ತು ಮಾತ್ರ, ತಿಂಡಿ ತಿಂದು ನಿಧಾನಕ್ಕೆ ಹೊರಟರೆ ಆನೆಗಳು ಕಾಡಿಗೆ ಹೋಗಿರುತ್ತವೆ. ತಿಂಡಿ ಡಬ್ಬಿಗೆ ಹಾಕಿಕೊಂಡು ಎಂಟು ಗಂಟೆಗೇ ಮನೆ ಬಿಡಿ.