ತಿಳಿನೀರಿನ ವಿಷ, ಬಂಗುಡೆಯ ಸುಳ್ಳು

ಪ್ರಶ್ನೆ: ನಮ್ಮ ಮನೆ ಕಟ್ಟುವ ಕೆಲಸಕ್ಕೆ ಸುರಪುರ ಕಡೆಯ ಮೇಸ್ತ್ರಿಯೊಬ್ಬರು ಹೆಂಡತಿ ಸಮೇತ ಬಂದು ಶೆಡ್ಡಿನಲ್ಲಿದ್ದಾರೆ. ಅವರ ಅಂಗೈ ತುಂಬ ಗಂಟು, ಬೆನ್ನಲ್ಲಿ ಕಪ್ಪು-ಬಿಳಿ ಚುಕ್ಕೆ. ಊರಿನಲ್ಲಿ ಹಳೆಯ ಚಿನ್ನದ ಗಣಿ ಪಕ್ಕದ ಬೋರ್ ನೀರು ಕುಡಿದು ಹೀಗಾಯಿತು ಅನ್ನುತ್ತಾರೆ. ನಮ್ಮ ಬಾವಿಯಿಂದಲೇ ಅವರೂ ನೀರು ಸೇದುತ್ತಾರೆ. ಅಂಟೀತು ಎಂದು ಬೇರೆ ಹಗ್ಗ, ಬೇರೆ ಕೊಡಪಾನ ಕೊಟ್ಟಿದ್ದೇವೆ. ಸಾಕೇ? ನಮ್ಮ ಬಾವಿ ನೀರು ಮೊದಲೇ ಕೆಂಪು, ಅದರಲ್ಲೂ ಇದೇ ವಿಷ ಇರಬಹುದೇ?
– ಗೃಹಿಣಿ, ಸುರತ್ಕಲ್

ಉತ್ತರ: ಆ ಬೇರೆ ಕೊಡಪಾನವನ್ನು ಮೊದಲು ಒಳಗಿಡಿ ಅಮ್ಮ. ಮೇಸ್ತ್ರಿ ಹೇಳುವುದು ನೀರಿನಲ್ಲಿ ಕರಗಿ ಬರುವ ಆರ್ಸೆನಿಕ್ ಎಂಬ ವಿಷದ ಲಕ್ಷಣ; ಅದು ಮುಟ್ಟಿದರೆ ಅಂಟುವ ಕಾಯಿಲೆಯಲ್ಲ. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಮಾತ್ರ ಏಳುವಂಥದ್ದು.

ಮೇಸ್ತ್ರಿ ಹೇಳಿದ್ದು ಕಟ್ಟುಕತೆಯೂ ಅಲ್ಲ. ಸುರಪುರ ಇರುವ ಯಾದಗಿರಿ ಜಿಲ್ಲೆಯಲ್ಲೂ ಒಂದು ಮಂಗಳೂರು ಇದೆ, ನಮ್ಮದಲ್ಲ, ಅಲ್ಲಿಯದು ಹಳ್ಳಿ. ನೂರು ವರ್ಷಕ್ಕೂ ಹಿಂದೆ ಬಾಗಿಲು ಹಾಕಿದ ಚಿನ್ನದ ಗಣಿ ಅದರ ಹತ್ತಿರ. ಅದೇ ಸೀಮೆಯ ಕಿರದಳ್ಳಿ ತಾಂಡಾದ ಜನರಲ್ಲಿ ಇಂಥದೇ ಗಂಟು, ಚುಕ್ಕೆ ಕಂಡು, ನೀರು ಪರೀಕ್ಷಿಸಿದಾಗ ಆರ್ಸೆನಿಕ್ ಸಿಕ್ಕಿತು. ಚಿನ್ನ ಇರುವ ಬಂಡೆಯಲ್ಲಿ ಹಲವು ಕಡೆ ಆರ್ಸೆನಿಕ್, ಗಂಧಕ, ಕಬ್ಬಿಣ ಸೇರಿದ ಖನಿಜ ಇರುತ್ತದೆ. ನೆಲದೊಳಗೆ ಸುಮ್ಮನೆ ಬಿದ್ದಿದ್ದ ಬಂಡೆಯನ್ನು ಗಣಿಯವರು ಒಡೆದು ಪುಡಿ ಮಾಡಿ ರಾಶಿ ಹಾಕಿದರೆ ಗಾಳಿ, ಮಳೆ ತಾಗಿ ಆರ್ಸೆನಿಕ್ ಕರಗಿ ನೀರಿಗೆ ಇಳಿಯುತ್ತದೆ. ಗಣಿ ನಿಂತರೂ ಆ ಕೆಲಸ ನಿಲ್ಲುವುದಿಲ್ಲ.

ಮೇಸ್ತ್ರಿಯ ಕೈ ಹಿಡಿದು ನೋಡಿ. ಕರಣೆ, ಸುತ್ತಿಗೆ ಹಿಡಿದು ಬಂದ ಜಡ್ಡಾದರೆ ಹಿಡಿತದ ಜಾಗದಲ್ಲಷ್ಟೇ ಇರುತ್ತದೆ. ಅಂಗೈ ನಡುವೆಯೂ ಅಂಗಾಲಿನಲ್ಲೂ ಅಕ್ಕಿಕಾಳು ಚೆಲ್ಲಿದ ಹಾಗೆ ಗಂಟುಗಳಿದ್ದರೆ, ಎದೆ-ಬೆನ್ನಿನ ಮೇಲೆ ಒಣಮಣ್ಣಿಗೆ ಮಳೆಹನಿ ಬಿದ್ದಂಥ ಚುಕ್ಕೆಗಳಿದ್ದರೆ ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಊರಿನ ನೀರಿನ ಕಥೆಯನ್ನು ಮೇಸ್ತ್ರಿಯೇ ಮೊದಲು ಹೇಳಲಿ. ಇಲ್ಲದಿದ್ದರೆ ಸಿಮೆಂಟಿನ ಅಲರ್ಜಿ ಎಂದು ಮುಲಾಮು ಕೊಟ್ಟು ಕಳಿಸಿಯಾರು. ಗಂಟುಗಳ ಮೇಲೆ ಕಣ್ಣಿಡಬೇಕು. ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್ ಎಷ್ಟೋ ವರ್ಷ ಕಳೆದ ಮೇಲೂ ಬರಬಹುದು.

ಮೂತ್ರ ಪರೀಕ್ಷೆಗೆ ಬರೆದುಕೊಟ್ಟರೆ ಒಂದು ಮಾತು ನೆನಪಿಡಿ: ಅದಕ್ಕೆ ಮೊದಲು ನಾಲ್ಕೈದು ದಿನ ಬಂಗುಡೆ, ಬೂತಾಯಿ, ಸಿಗಡಿ ಯಾವುದೂ ಬೇಡ. ನಾನು ಲ್ಯಾಬಿನಲ್ಲಿ ಹೊಸದಾಗಿ ಸೇರಿದಾಗ, ಹೋಲಿಕೆಗೆ ಶುದ್ಧ ಮಾದರಿ ಬೇಕೆಂದು ನನ್ನದೇ ಮೂತ್ರ ಕೊಟ್ಟಿದ್ದೆ. ಅಂಕಿ ನೋಡಿ ಮೇಲಿನವರು ಗಾಬರಿಯಾದರು ಮಾರಾಯ್ರೆ. ಹಿಂದಿನ ರಾತ್ರಿ ಉಡುಪಿಯ ಮನೆಯಲ್ಲಿ ಸಿಗಡಿ ಸುಕ್ಕ ಹೊಡೆದಿದ್ದೆ! ಮೀನು, ಸಿಗಡಿಯಲ್ಲಿ ಇರುವುದು ಬಹುಪಾಲು ಬೇರೆ ರೂಪದ, ನಿರುಪದ್ರವಿ ಆರ್ಸೆನಿಕ್. ಒಟ್ಟು ಅಳೆಯುವ ಯಂತ್ರಕ್ಕೆ ಆ ಭೇದ ಗೊತ್ತಾಗುವುದಿಲ್ಲ. ಅಲ್ಲದೆ ಮೂತ್ರ ಹೇಳುವುದು ಈಚಿನ ಕೆಲವೇ ದಿನಗಳ ಲೆಕ್ಕ. ಮೇಸ್ತ್ರಿ ಇಲ್ಲಿಗೆ ಬಂದು ತಿಂಗಳುಗಳಾಗಿದ್ದರೆ ಉಗುರು, ಕೂದಲಿನಲ್ಲಿ ಹುಡುಕಬೇಕು.

ನಿಮ್ಮ ಕೆಂಪು ನೀರು? ನಮ್ಮ ಮುರಕಲ್ಲಿನ ನೆಲದ ಬಾವಿಗಳಲ್ಲಿ ಅದು ಸಾಮಾನ್ಯವಾಗಿ ಕಬ್ಬಿಣದ ಕೆಲಸ. ಸೇದಿದಾಗ ತಿಳಿಯಾಗಿದ್ದು, ರಾತ್ರಿ ಕಳೆದಾಗ ತಳದಲ್ಲಿ ಕೆಂಪು ಗಸಿ ಕೂತು, ಬಿಳಿ ಬಟ್ಟೆಗೆ ಕಲೆ ಹಿಡಿದರೆ ಅದೇ. ನೋಡಲು ಕೊಳಕು, ಅಷ್ಟೇ. ಆರ್ಸೆನಿಕ್ ಇದಕ್ಕೆ ಉಲ್ಟಾ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿಯುವ ನೀರಿನಲ್ಲಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಟೆರೇಸಿನ ಸಾವಿರ ಲೀಟರ್ ಟ್ಯಾಂಕಿಗೆ ಸುಮಾರು ಅರ್ಧ ಅಕ್ಕಿಕಾಳಿನ ತೂಕ. ತಮಾಷೆ ನೋಡಿ, ನಾವು ಗೋಡೆ ಕಟ್ಟುವ ಈ ಮುರಕಲ್ಲಿನ ಜಾತಿಯ ಕಲ್ಲನ್ನೇ ಹದಗೊಳಿಸಿ ಖರಗ್‌ಪುರದ ಐಐಟಿಯವರು ಆರ್ಸೆನಿಕ್ ಸೋಸುವ ಫಿಲ್ಟರ್ ಮಾಡಿದ್ದಾರೆ. ಕಲ್ಲಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆಂದು ಕಲ್ಲಿನ ಚೂರನ್ನು ಕೊಡಪಾನಕ್ಕೆ ಹಾಕಿಬಿಡಬೇಡಿ.

ಮೇಸ್ತ್ರಿಯ ಮಕ್ಕಳು, ತಂದೆ-ತಾಯಿ ಊರಿನಲ್ಲೇ ಇದ್ದರೆ ಅವರ ಗತಿ ಏನು? ಹಬ್ಬಕ್ಕೆ ಹೋದಾಗ ಒಂದು ಲೀಟರ್ ನೀರು ತರಲಿ. ಬೋರನ್ನು ಐದು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಮೂರು ಸಲ ತೊಳೆದು ತುಂಬಬೇಕು. ಯಾವ ಬೋರ್ ಎಂದು ಮೇಲೆ ಬರೆಯಲಿ. ಒಂದು ಬೋರಿನಲ್ಲಿ ವಿಷವಿದ್ದು ನೂರು ಮಾರು ಆಚೆಯದು ಚೆನ್ನಾಗಿರುವುದೂ ಉಂಟು. ಲ್ಯಾಬಿನವರಿಗೆ ‘ಆರ್ಸೆನಿಕ್ ನೋಡಿ’ ಎಂದೇ ಹೇಳಬೇಕು. ಮಾಮೂಲಿ ಪರೀಕ್ಷೆಯಲ್ಲಿ ಅದು ಇರುವುದಿಲ್ಲ.

ಪ್ರಶ್ನೆ: ಮಗಳನ್ನು ರಾಯಚೂರು ಕಡೆ ಕೊಟ್ಟಿದ್ದೇವೆ. ಅಲ್ಲಿಯ ಬೋರ್ ನೀರಿನಲ್ಲಿ ಆರ್ಸೆನಿಕ್ ಬಂದಿದೆಯಂತೆ. ಕುದಿಸಿ ಕುಡಿ ಎಂದಿದ್ದೇನೆ, ಸರಿಯಲ್ಲವೇ?
– ಕಾಪುವಿನಿಂದ ಒಬ್ಬ ತಾಯಿ

ಉತ್ತರ: ಸರಿಯಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ವಿಷ ಪಾತ್ರೆಯಲ್ಲೇ ಉಳಿಯುತ್ತದೆ. ಸಾರು ಬತ್ತಿದಷ್ಟೂ ಉಪ್ಪಾಗುವುದಿಲ್ಲವೇ, ಹಾಗೆ. ಕ್ಯಾಂಡಲ್ ಫಿಲ್ಟರಿಗೂ ಯುವಿ ದೀಪಕ್ಕೂ ಇದು ಬಗ್ಗುವುದಿಲ್ಲ. ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಆರ್‌ಓ ಬಹುಪಾಲು ತೆಗೆಯುತ್ತದೆ. ಅನ್ನ ಬೇಯಿಸಲೂ ಆ ಬೋರ್ ನೀರು ಬೇಡ, ಬೇಯುವಾಗ ಅಕ್ಕಿ ನೀರಿನ ಜೊತೆ ಅದನ್ನೂ ಹೀರುತ್ತದೆ. ಮಗಳು ಬಸುರಿಯೋ ಬಾಣಂತಿಯೋ ಆಗಿದ್ದರೆ ಪತ್ರಿಕೆ ಮಡಚಿಟ್ಟು ಈಗಲೇ ಫೋನ್ ಮಾಡಿ.