70ರ ದಶಕದ ಮ್ಯೂಸಿಕ್ ವಿಡಿಯೋ ಸೇರಿಸೋರು ಮೊದ್ಲು ಫಿಲ್ಮಾ ಟೇಪಾ ನೋಡ್ಕೊಳ್ಳಿ

ಸರ್, ‘4ಕೆ’ ಅಂತ ಬರೆದಿರೋ ಕ್ವೀನ್ ಬ್ಯಾಂಡಿನ ಬೊಹೀಮಿಯನ್ ರಾಪ್ಸಡಿ ಹಾಡಿನ ವಿಡಿಯೋ ಹಾಕಿದ್ರೆ ಮುಖ ಎಲ್ಲ ಮೇಣ ಬಳಿದ ಹಾಗೆ ಕಾಣತ್ತೆ, ಸ್ವೀಡನ್ನಿನ ಅಬ್ಬಾ ಬ್ಯಾಂಡಿನ ವಿಡಿಯೋಗಳು ಮಾತ್ರ ಚೆನ್ನಾಗಿವೆ, ಟಿವಿ ಕೆಟ್ಟಿದ್ಯಾ ಅಂತ ಕೇಳಿದೀರ. ಟಿವಿ ಸರಿಯಾಗೇ ಇದೆ. ಅಬ್ಬಾದವರದ್ದು ಹೆಚ್ಚು ಕಮ್ಮಿ ಎಲ್ಲಾನೂ ನಿರ್ದೇಶಕ ಲಾಸೆ ಹಾಲ್‌ಸ್ಟ್ರೋಮ್ ಫಿಲ್ಮ್‌ನಲ್ಲಿ ತೆಗೆದಿದ್ದು, ನೆಗೆಟಿವ್ ಇದ್ರೆ ಇವತ್ತು ಹೊಸದಾಗಿ ಸ್ಕ್ಯಾನ್ ಮಾಡಿದ್ರೂ ಇನ್ನಷ್ಟು ವಿವರ ಸಿಗತ್ತೆ. ಕ್ವೀನ್‌ದು ಹಾಗಲ್ಲ, 1975ರ ನವೆಂಬರ್‌ನಲ್ಲಿ ಎಲ್ಸ್‌ಟ್ರೀ ಸ್ಟುಡಿಯೋದಲ್ಲಿ ನಿರ್ದೇಶಕ ಬ್ರೂಸ್ ಗವರ್ಸ್ ಸುಮಾರು 4 ಗಂಟೆಯಲ್ಲಿ ವಿಡಿಯೋ ಟೇಪ್ ಮೇಲೆ ಮುಗಿಸಿದ್ದು, ಬ್ಯಾಂಡ್ ಟೂರ್ ಹೊರಡೋದಿತ್ತು, ಬಿಬಿಸಿ ಟಿವಿಯ ಟಾಪ್ ಆಫ್ ದಿ ಪಾಪ್ಸ್ ಹಾಡಿನ ಕಾರ್ಯಕ್ರಮಕ್ಕೆ ತಾವು ಹೋಗೋಕಾಗಲ್ಲ ಅಂತ ಇದನ್ನ ಕಳಿಸಿದ್ರು. ಪಾಲ್ (ಬ್ರಿಟನ್ನಿನ ಆಗಿನ ಟಿವಿ ಪದ್ಧತಿ) ಟೇಪ್‌ನಲ್ಲಿ ಕಣ್ಣಿಗೆ ಕಾಣೋ ಗೆರೆ 576 ಅಷ್ಟೇ. ಅದಕ್ಕಿಂತ ಜಾಸ್ತಿ ಏನ್ ತೋರಿಸಿದ್ರೂ ಅದು ಸಾಫ್ಟ್‌ವೇರ್ ಊಹೆ ಮಾಡಿ ತುಂಬಿದ್ದು, ಮೇಣದ ಮುಖ ಬರೋದು ಅಲ್ಲಿಂದಾನೇ.

ಹಾಗಂತ ಟೇಪ್ ವಿಡಿಯೋ ಕೀಳು ಅಂತ ನಾನು ಒಪ್ಪಲ್ಲ. ಬೊಹೀಮಿಯನ್ ರಾಪ್ಸಡಿಯಲ್ಲಿ ಮುಖ ಒಂದರ ಹಿಂದೆ ಒಂದು ಸಾಲಾಗಿ ದೂರ ಹೋಗತ್ತಲ್ಲ, ಅದು ಕ್ಯಾಮೆರಾನ ಮಾನಿಟರ್ ಕಡೆಗೇ ತಿರುಗಿಸಿ ಶೂಟಿಂಗ್ ಹೊತ್ತಲ್ಲೇ ಮಾಡಿದ್ದು, ಆಮೇಲೆ ಸೇರಿಸಿದ್ದಲ್ಲ. ಇಂಥದ್ದನ್ನ ಹಳೇ ಗೆರೆಗಳ ಜೊತೆಗೇ ನೋಡ್ಬೇಕು. ಡಿವಿಡಿ ಇದ್ರೆ ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ಡೀಇಂಟರ್‌ಲೇಸ್ (ಗೆರೆ ಬಿಟ್ಟು ಗೆರೆ ಬರೋ ಹಳೇ ಚಿತ್ರವನ್ನ ಪೂರ್ತಿ ಮಾಡೋ ಆಯ್ಕೆ) ಆನ್ ಮಾಡಿ ಮೋಡ್‌ನಲ್ಲಿ ಯಾಡಿಫ್ 2ಎಕ್ಸ್ ಹಾಕಿ, ಸೆಕೆಂಡಿಗೆ 50 ಫೀಲ್ಡ್ (ಅರ್ಧ ಗೆರೆಗಳ ಚಿತ್ರ) ಪೂರ್ತಿ ಸಿಗತ್ತೆ, ಚಲನೆ ಎಷ್ಟು ನಯವಾಗಿ ಬರತ್ತೆ ನೋಡಿ. ನೆಟ್‌ನಲ್ಲಿ ಹಾಕಿರೋದು ಬಹಳಷ್ಟು 25 ಫ್ರೇಮ್‌ಗೆ ಇಳಿಸಿರೋದು, ಅರ್ಧ ಚಲನೆ ಅಲ್ಲೇ ಹೋಯ್ತು.

ಇನ್ನೊಂದು, 16:9 (ಈಗಿನ ಅಗಲ ಟಿವಿಯ ಅಳತೆ) ತುಂಬಿರೋ ಕಾಪಿ ದಯವಿಟ್ಟು ಇಟ್ಕೋಬೇಡಿ. ಆಗಿನದ್ದೆಲ್ಲ 4:3, ಅಗಲ ತುಂಬಿಸೋಕೆ ಎತ್ತರದಲ್ಲಿ ಕಾಲು ಭಾಗ ಕತ್ತರಿಸಿರ್ತಾರೆ. ಅಬ್ಬಾದಲ್ಲಿ ಒಬ್ಬರ ಮುಖ ನೇರ, ಇನ್ನೊಬ್ಬರದ್ದು ಪಕ್ಕಕ್ಕೆ, ಅಷ್ಟು ಹತ್ತಿರದ ಶಾಟ್‌ನಲ್ಲಿ ಹಣೆ ಗಲ್ಲ ಕತ್ತರಿಸಿದ್ರೆ ಹಾಲ್‌ಸ್ಟ್ರೋಮ್ ಮಾಡಿದ ಕೆಲಸಾನೇ ಹೋಯ್ತಲ್ವಾ, ನನಗಂತೂ ಹೊಟ್ಟೆ ಉರಿಯತ್ತೆ.

ಪಂಕ್ (ಒರಟು, ವೇಗದ ರಾಕ್ ಸಂಗೀತ) ವಿಷಯಕ್ಕೆ ಬಂದ್ರೆ ಡಾನ್ ಲೆಟ್ಸ್ ಇಂದ ಶುರು ಮಾಡಿ. ಲಂಡನ್‌ನ ರಾಕ್ಸಿ ಕ್ಲಬ್‌ನಲ್ಲಿ ಡಿಜೆ ಆಗಿದ್ದವರು, ಸೂಪರ್ 8 ಕ್ಯಾಮೆರಾ ಹಿಡ್ಕೊಂಡು 1977ರಲ್ಲಿ ಬ್ಯಾಂಡ್‌ಗಳನ್ನ ತೆಗೆದ್ರು. ಅಲ್ಲಿ ಕಾಣೋ ಕಾಳು ಕಾಳು ಗ್ರೇನ್ ಫಿಲ್ಮ್‌ನದೇ, ಟಿವಿಯಲ್ಲಿ ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಇಲ್ಲಾಂದ್ರೆ ವಿವರಾನೂ ಅದರ ಜೊತೆ ಅಳಿಸಿ ಹೋಗತ್ತೆ. ಕ್ಲ್ಯಾಶ್ ಬ್ಯಾಂಡಿನ ಲಂಡನ್ ಕಾಲಿಂಗ್ ವಿಡಿಯೋ ಕೂಡ ಲೆಟ್ಸ್ ತೆಗೆದಿದ್ದೇ, 1979ರ ಡಿಸೆಂಬರ್ ರಾತ್ರಿ ಬ್ಯಾಟರ್‌ಸೀ ಪಾರ್ಕ್ ಪಕ್ಕ ಥೇಮ್ಸ್ ದಡದಲ್ಲಿ, ಬ್ಯಾಂಡ್ ಕಟ್ಟೆ ಮೇಲೆ, ಕ್ಯಾಮೆರಾ ದೋಣಿಯಲ್ಲಿ, ಸಮುದ್ರದ ಇಳಿತಕ್ಕೆ ನದಿ ನೀರು ಇಳಿದು ಕ್ಯಾಮೆರಾ ತುಂಬಾ ಕೆಳಗಾಯ್ತು, ದೋಣಿ ಬೇರೆ ತೇಲಿ ಹೋಗ್ತಿತ್ತು, ಮೇಲೆ ಮಳೆ. ಆ ಮಳೆ ಇಲ್ದೇ ಆ ಹಾಡು ನನಗೆ ಊಹಿಸ್ಕೊಳ್ಳೋಕಾಗಲ್ಲ. ಕತ್ತಲೆ ಜಾಸ್ತಿ ಆಯ್ತು ಅಂತ ಬ್ರೈಟ್‌ನೆಸ್ ಏರಿಸಬೇಡಿ. ಅಮೆರಿಕದ ಕಡೆ ಡೀವೋ ಬ್ಯಾಂಡಿನವರು 1976ರಲ್ಲೇ ನಿರ್ದೇಶಕ ಚಕ್ ಸ್ಟಾಟ್ಲರ್ ಜೊತೆ ಓಹಾಯೋದಲ್ಲಿ ಕಿರುಚಿತ್ರ ಮಾಡಿದ್ರು, ಅದನ್ನೂ ಬಿಡಬೇಡಿ.

ಡಿಸ್ಕೋ ಕಷ್ಟ. ಬೀ ಜೀಸ್ ಬ್ಯಾಂಡಿನ ಸ್ಟೇಯಿಂಗ್ ಅಲೈವ್ ಹಾಡಿಗೆ ಎಂಜಿಎಂ ಸ್ಟುಡಿಯೋ ಹಿತ್ತಲಿನ ಸೆಟ್‌ನಲ್ಲಿ ತೆಗೆದ ವಿಡಿಯೋ ಇದೆ, ಆದ್ರೆ ಎಷ್ಟೋ ಡಿಸ್ಕೋ ಹಾಡಿಗೆ ಪ್ರೋಮೋ (ಪ್ರಚಾರದ ವಿಡಿಯೋ) ಅಂತ ಮಾಡಿಸಿದ್ದೇ ಇಲ್ಲ, ಉಳಿದಿರೋದು ಟಿವಿ ಸ್ಟುಡಿಯೋದಲ್ಲಿ ತುಟಿ ಆಡಿಸಿದ್ದು ಮಾತ್ರ. ಅದಕ್ಕೇ ಹಾಡಿನ ಹೆಸರಲ್ಲಿ ಹುಡುಕೋ ಬದಲು ಕಾರ್ಯಕ್ರಮದ ಹೆಸರಲ್ಲಿ ಹುಡುಕಿ, ಜರ್ಮನಿಯ ಮ್ಯೂಸಿಕ್‌ಲಾಡೆನ್, ಹಾಲೆಂಡ್‌ನ ಟಾಪ್‌ಪಾಪ್, ಅಮೆರಿಕದ ಸೋಲ್ ಟ್ರೇನ್. ಟಾಪ್ ಆಫ್ ದಿ ಪಾಪ್ಸ್‌ನ 70ರ ದಶಕದ ಮೊದಲರ್ಧದ ಟೇಪ್ ಎಷ್ಟೋ ಬಿಬಿಸಿಯವರೇ ಅಳಿಸಿಬಿಟ್ಟಿದ್ದಾರೆ, ಆ ಕಾಲದ್ದು ಮಸುಕಾಗಿದ್ರೂ ಸಿಕ್ಕಿದ್ದನ್ನ ಬಿಡಬೇಡಿ. ನಿಮ್ಮ ಲಿಸ್ಟ್ ಇಲ್ಲಿ ಹಾಕಿ, ಯಾವುದು ಫಿಲ್ಮ್ ಯಾವುದು ಟೇಪ್ ಅಂತ ನನಗೆ ಗೊತ್ತಿರೋದನ್ನ ಗುರುತು ಮಾಡಿ ಕೊಡ್ತೀನಿ.